ಬೀಟಲ್ ಕಾರಿನ ಕಾರ್ಬ್ಯುರೇಟರ್ ಬಿಸಿ ಮಾಡುವ ಭಾಗ ಎಲ್ಲಿಯೂ ಸಿಗುತ್ತಿಲ್ಲ, ಚಳಿಯಲ್ಲಿ ಕಾರು ನಿಲ್ಲುತ್ತಿದೆ

ಪ್ರಶ್ನೆ (ಬೀದರ್)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಅವರು ಬಿಟ್ಟುಹೋದ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಎರಡು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. 1192 ಸಿಸಿ ಎಂಜಿನ್, ಸೋಲೆಕ್ಸ್ 28 ಪಿಐಸಿಟಿ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), 6 ವೋಲ್ಟ್ ವೈರಿಂಗ್ ಎಲ್ಲವೂ ಮೂಲದವೇ. ಈ ಡಿಸೆಂಬರಿನಿಂದ ಒಂದು ತೊಂದರೆ ಶುರುವಾಗಿದೆ. ಬೆಳಿಗ್ಗೆ ಆರೂವರೆಗೆ ಒಂದೇ ಸೆಲ್ಫಿಗೆ ಎದ್ದುಕೊಳ್ಳುವ ಎಂಜಿನ್ ನೌಬಾದ್ ದಾಟಿ ಹುಮನಾಬಾದ್ ರಸ್ತೆ ಹಿಡಿಯುವ ಹೊತ್ತಿಗೆ ಎಳೆಯುವುದನ್ನು ಬಿಟ್ಟು, ಎಕ್ಸಲರೇಟರ್ ಒತ್ತಿದರೆ ಮುಗ್ಗರಿಸಿ, ಕೊನೆಗೆ ನಿಂತೇಬಿಡುತ್ತದೆ. ಹತ್ತು ನಿಮಿಷ ಕಾದು ಮತ್ತೆ ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಹನ್ನೊಂದು ಗಂಟೆಯ ಮೇಲೆ ಹೊರಟರೆ ತಕರಾರೇ ಇಲ್ಲ.

ಕಾರ್ಬ್ಯುರೇಟರಿನ ಚೋಕ್ (ಎಂಜಿನ್ ತಣ್ಣಗಿರುವಾಗ ಗಾಳಿಯನ್ನು ತಡೆಯುವ ತಗಡು) ಬಿಸಿ ಮಾಡುವ ಎಲಿಮೆಂಟ್ ಸುಟ್ಟಿದೆ ಎಂದು ಇಲ್ಲಿನ ಮಿಸ್ತ್ರಿ ಹೇಳಿದ್ದಾರೆ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಅರ್ಧ ದಿನ ಅಲೆದರೂ 6 ವೋಲ್ಟಿನದು ಸಿಗಲಿಲ್ಲ. 12 ವೋಲ್ಟಿನದನ್ನೇ ಹಾಕಿಕೊಳ್ಳಿ ಎಂದು ಒಬ್ಬ ಅಂಗಡಿಯವರು ಸಲಹೆ ಕೊಟ್ಟರು. ಹಾಕಬಹುದೇ?

ಉತ್ತರ (ಯಾದಗಿರಿ)

ಇದು ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟುವ ಸಮಸ್ಯೆ ಎಂದು ನನಗನ್ನಿಸುತ್ತದೆ. ನನ್ನ ಪದ್ಮಿನಿ ಕಾರೂ ಹೀಗೆಯೇ ನಿಂತು, ತಣ್ಣಗಾದ ಮೇಲೆ ಹೊರಡುತ್ತಿತ್ತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ನೋಡಿರಿ.

ಉತ್ತರ (ಕಲಬುರಗಿ)

ಯಾದಗಿರಿಯ ಸ್ನೇಹಿತರ ಅನುಭವ ಮೇ ತಿಂಗಳಿಗೆ ಸರಿ. ಆದರೆ ಪ್ರಶ್ನೆ ಕೇಳಿದವರ ಕಾರು ಚಳಿಯಲ್ಲಿ ನಿಂತು ಬಿಸಿಲಿನಲ್ಲಿ ಓಡುತ್ತಿರುವುದರಿಂದ ಆವಿಯ ಮಾತನ್ನು ಪಕ್ಕಕ್ಕಿಡೋಣ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ, ಈ ಕಾರಿಗೆ ಬೇಕಾಗಿರುವುದು ಶಾಖ.

ಬೀಟಲ್‌ನಲ್ಲಿ ಬಿಸಿ ಮಾಡುವ ಮುಖ್ಯ ವ್ಯವಸ್ಥೆಗಳು ಒಂದಲ್ಲ, ಎರಡಿವೆ. ನಿಮ್ಮ ಮಿಸ್ತ್ರಿ ಹೇಳುತ್ತಿರುವುದು ಚೋಕ್ ಎಲಿಮೆಂಟಿನ ಮಾತು. ಕೀಲಿ ತಿರುಗಿಸಿದೊಡನೆ ಅದು ಸುರುಳಿ ಪಟ್ಟಿಯನ್ನು ಕಾಯಿಸಿ ಚೋಕ್ ತಗಡನ್ನು ನಿಧಾನವಾಗಿ ತೆರೆಯುತ್ತದೆ. ಅದು ಸುಟ್ಟಿದ್ದರೆ ಚೋಕ್ ಮುಚ್ಚಿಕೊಂಡೇ ಉಳಿದು ಕಪ್ಪು ಹೊಗೆ ಬರಬೇಕಿತ್ತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಬೇಕಿತ್ತು. ನೀವು ಎರಡನ್ನೂ ಹೇಳಿಲ್ಲ. 12 ವೋಲ್ಟಿನ ಎಲಿಮೆಂಟನ್ನು 6 ವೋಲ್ಟಿಗೆ ಕೊಟ್ಟರೆ ಹುಟ್ಟುವ ಶಾಖ ಅರ್ಧವಲ್ಲ, ಕಾಲುಭಾಗ ಮಾತ್ರ. ಚೋಕ್ ತೆರೆಯುವುದು ವಿಪರೀತ ತಡವಾಗಿ ಈಗಿಲ್ಲದ ಹೊಸ ರೋಗವೊಂದನ್ನು ನೀವೇ ದುಡ್ಡು ಕೊಟ್ಟು ತಂದಂತಾಗುತ್ತದೆ. ಖರೀದಿಸುವ ಮೊದಲು ಏರ್ ಕ್ಲೀನರ್ ತೆಗೆದು, ತಣ್ಣಗಿರುವ ಎಂಜಿನಿನ ಎಕ್ಸಲರೇಟರನ್ನು ಒಮ್ಮೆ ಒತ್ತಿ ಬಿಟ್ಟು, ಕೀಲಿಯನ್ನು ಮಾತ್ರ ತಿರುಗಿಸಿ ಚೋಕ್ ತಗಡನ್ನು ನೋಡುತ್ತ ನಿಲ್ಲಿರಿ. ಕೆಲವು ನಿಮಿಷಗಳಲ್ಲಿ ಅದು ತೆರೆದುಕೊಂಡರೆ ಎಲಿಮೆಂಟ್ ಬದುಕಿದೆ. ಕೀಲಿಯನ್ನು ಹಾಗೆಯೇ ಬಹಳ ಹೊತ್ತು ಬಿಡಬೇಡಿರಿ, ಇಗ್ನಿಷನ್ ಕಾಯಿಲ್ ಕಾಯುತ್ತದೆ.

ನನ್ನ ಅನುಮಾನವಿರುವುದು ಎರಡನೆಯ ವ್ಯವಸ್ಥೆಯ, ಅಂದರೆ ಹೊಗೆಯ ಶಾಖದಿಂದ ಕಾರ್ಬ್ಯುರೇಟರಿನ ಬುಡವನ್ನು ಕಾಯಿಸುವ ಕೊಳವೆಯ ಮೇಲೆ. ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟುತ್ತಿದೆ ಎಂದರೆ ಬಿಸಿಲನಾಡಿನ ನಾವು ನಗುತ್ತೇವೆ. ಆದರೆ ನಮ್ಮ ರಂಜಣಿಗೆಯ ನೀರನ್ನು ತಂಪು ಮಾಡುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಗಾಳಿ ಮತ್ತು ಲೋಹದಿಂದ ಶಾಖವನ್ನು ಹೀರುವುದರಿಂದ ಒಳಗಿನ ಉಷ್ಣತೆ 20 ಡಿಗ್ರಿಯವರೆಗೂ ಇಳಿಯಬಲ್ಲದು. ಹೊರಗೆ 12 ಡಿಗ್ರಿ ಇದ್ದು ಇಬ್ಬನಿಯೂ ಬಿದ್ದಿದ್ದರೆ ಗಾಳಿಯ ತೇವ ಒಳಗೆ ಹಿಮವಾಗಿ ಅಂಟಿ ದಾರಿ ಕಟ್ಟುತ್ತದೆ. ಕಾರು ನಿಂತ ಮೇಲೆ ಎಂಜಿನಿನ ಕಾವು ಮೇಲಕ್ಕೇರಿ ಆ ಹಿಮ ಕರಗುತ್ತದೆ. ನಿಮ್ಮ ಹತ್ತು ನಿಮಿಷದ ರಹಸ್ಯ ಅದೇ ಇರಬೇಕು. ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಇದಕ್ಕೆ ಒತ್ತಾಸೆಯಾಗಿದೆ, ಏಕೆಂದರೆ ಆವಿಯಾಗಲು ಎಥನಾಲ್ ಹೀರುವ ಶಾಖ ಅಷ್ಟೇ ತೂಕದ ಪೆಟ್ರೋಲಿನ ಎರಡು ಪಟ್ಟಿಗಿಂತಲೂ ಹೆಚ್ಚು.

ಬೀಟಲ್‌ನ ಕಾರ್ಬ್ಯುರೇಟರು ಎಂಜಿನಿನ ಶಾಖದಿಂದ ದೂರ, ನಡುವೆ ಒಂಟಿಯಾಗಿ ಕುಳಿತಿದೆ. ಆದ್ದರಿಂದಲೇ ಇನ್‌ಟೇಕ್ ಮ್ಯಾನಿಫೋಲ್ಡಿನ (ಕಾರ್ಬ್ಯುರೇಟರಿನಿಂದ ಎಂಜಿನಿಗೆ ಪೆಟ್ರೋಲು-ಗಾಳಿಯ ಮಿಶ್ರಣ ಒಯ್ಯುವ ಪೈಪಿನ) ಅಡಿಯಲ್ಲಿ ಒಂದು ಸಪೂರ ಕೊಳವೆಯನ್ನು ಹಾಯಿಸಿ, ಅದರ ಎರಡೂ ತುದಿಗಳನ್ನು ಸೈಲೆನ್ಸರಿಗೆ ಜೋಡಿಸಿ, ಹೊಗೆಯ ಶಾಖ ಕಾರ್ಬ್ಯುರೇಟರಿನ ಬುಡಕ್ಕೆ ತಲುಪುವಂತೆ ಮಾಡಿದ್ದಾರೆ. ವರ್ಷಗಳು ಕಳೆದಂತೆ ಆ ಕೊಳವೆಯಲ್ಲಿ ಮಸಿ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಎಂಜಿನ್ ಓಡಿಸಿ, ಕೊಳವೆಯ ಎರಡೂ ತುದಿಗಳ ಮೇಲೆ ಒಂದೊಂದು ಹನಿ ನೀರು ಹಾಕಿರಿ; ಕೈಯಿಂದ ಮುಟ್ಟಬೇಡಿರಿ. ಎರಡೂ ಕಡೆ ಹನಿ ಚುರ್ ಎನ್ನಬೇಕು.

ಪ್ರಶ್ನೆ ಕೇಳಿದವರು (ಬೀದರ್)

ಸರ್, ನೀವು ಹೇಳಿದಂತೆಯೇ ಮಾಡಿದೆ. ಚೋಕ್ ತಗಡು ತೆರೆಯಿತು. ಬಲತುದಿಯಲ್ಲಿ ಹನಿ ಚುರ್ ಎಂದಿತು, ಎಡತುದಿಯಲ್ಲಿ ಹಾಗೆಯೇ ಉಳಿಯಿತು. ಕಾರ್ಬ್ಯುರೇಟರಿನ ಕೆಳಗಿನ ಮ್ಯಾನಿಫೋಲ್ಡು ತಂಬಿಗೆಯ ಹಾಗೆ ಬೆವತಿತ್ತು. ಒಂದು ವಿಷಯ ಹೇಳಲು ಮರೆತಿದ್ದೆ: ದೀಪಾವಳಿಯ ಹೊತ್ತಿಗೆ ಹಳೆಯ ಸೈಲೆನ್ಸರ್ ತೂತಾಗಿದ್ದರಿಂದ ಒಂದು ವರ್ಕ್‌ಶಾಪಿನಲ್ಲಿ ಹೊಸದನ್ನು ಮಾಡಿಸಿ ಹಾಕಿಸಿದ್ದೇನೆ. ಕೊಳವೆಯನ್ನೇ ಹೊಸದಾಗಿ ತರಿಸಬೇಕೇ?

ಉತ್ತರ (ಕಲಬುರಗಿ)

ಮರೆತ ಆ ಮಾತೇ ಮುಖ್ಯವಾದದ್ದು! ಏನನ್ನೂ ತರಿಸಬೇಡಿರಿ. ಮೊದಲು ಎಡಬದಿಯ ಎರಡು ಬೋಲ್ಟುಗಳನ್ನು ಬಿಚ್ಚಿ, ಸೈಲೆನ್ಸರಿನ ಫ್ಲಾಂಜಿನಲ್ಲಿ (ಕೊಳವೆಯನ್ನು ಬೋಲ್ಟಿನಿಂದ ಬಿಗಿಯುವ ಚಪ್ಪಟೆ ತಟ್ಟೆಯಲ್ಲಿ) ತೂತು ಇದೆಯೇ ನೋಡಿರಿ. ಹೊರಗಿನ ಆಕಾರವನ್ನು ನಕಲು ಮಾಡುವವರು ಒಳಗಿನ ದಾರಿಯನ್ನು ಬಿಟ್ಟುಬಿಡುವುದುಂಟು. ಕುರುಡು ಫ್ಲಾಂಜಾಗಿದ್ದರೆ ಸೈಲೆನ್ಸರನ್ನು ಕೆಳಗಿಳಿಸಿ ತೂತು ಕೊರೆಸಿರಿ. ಎರಡೂ ಬದಿಯ ತೂತುಗಳು ಸಮನಾಗಿದ್ದರೆ ಒತ್ತಡವೂ ಸಮನಾಗಿ ಹೊಗೆ ಹರಿಯದು, ಒಂದು ಬದಿ ಕಿರಿದಾಗಿರಬೇಕು.

ಮ್ಯಾನಿಫೋಲ್ಡ್ ಬಿಚ್ಚಿದಾಗ ಕೊಳವೆಯನ್ನೂ ಶುಚಿ ಮಾಡಿಕೊಳ್ಳಿರಿ. ಹಳೆಯ ಕ್ಲಚ್ ಕೇಬಲಿನ ತುದಿಯ ಎಳೆಗಳನ್ನು ಬಿಡಿಸಿ, ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ಎರಡೂ ಕಡೆಯಿಂದ ನಿಧಾನವಾಗಿ ತಿರುಗಿಸಿದರೆ ಮಸಿ ಬಹುಪಾಲು ಉದುರುತ್ತದೆ. ಉಳಿದದ್ದನ್ನು ಗ್ಯಾಸ್ ಜ್ವಾಲೆಯಿಂದ ಕಾಯಿಸಿ, ಗಾಳಿ ಊದಿ ಸುಡುತ್ತಾರೆ. ಆದರೆ ನಡುವೆ ಅಲ್ಯೂಮಿನಿಯಂ ಎರಕದ ಭಾಗವಿದ್ದರೆ ಜ್ವಾಲೆಯನ್ನು ಅದರ ಹತ್ತಿರ ಒಯ್ಯಬಾರದು, ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಅದ್ದಿಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿರಿ, ಮಸಿಗಿಂತ ಮೊದಲು ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಕೆಲಸವನ್ನು ಪೆಟ್ರೋಲ್ ಟ್ಯಾಂಕಿನಿಂದ ದೂರ, ಅಂಗಳದಲ್ಲಿ ಮಾಡಿರಿ.

ಪ್ರಶ್ನೆ ಕೇಳಿದವರು (ಬೀದರ್)

ಫ್ಲಾಂಜ್ ಕುರುಡೇ ಆಗಿತ್ತು, ಒಂದು ಸೂಜಿ ತೂರುವಷ್ಟೂ ದಾರಿಯಿರಲಿಲ್ಲ. ತೂತು ಕೊರೆಸಿ, ಕೊಳವೆಯಿಂದ ಒಂದು ಹಿಡಿಯಷ್ಟು ಮಸಿ ತೆಗೆದು, ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದೆವು. ಈಗ ಎರಡೂ ತುದಿಗಳಲ್ಲಿ ಹನಿ ಚುರ್ ಎನ್ನುತ್ತದೆ, ಮ್ಯಾನಿಫೋಲ್ಡು ಬೆವರುತ್ತಿಲ್ಲ. ಮೂರು ದಿನ ಬೆಳಿಗ್ಗೆ ಹುಮನಾಬಾದಿಗೆ ಹೋಗಿ ಬಂದೆ, ಎಲ್ಲಿಯೂ ನಿಲ್ಲಲಿಲ್ಲ. ಏರ್ ಕ್ಲೀನರಿಗೆ ಬಿಸಿಗಾಳಿ ತರುವ ಸುಕ್ಕು ಕೊಳವೆ ಹರಿದಿದೆ. ಅದರ ಬದಲಿಗೆ ಅಲ್ಯೂಮಿನಿಯಂ ಹಾಳೆಯ ಕೊಳವೆ ಹಾಕಬಹುದೇ?

ಉತ್ತರ (ಕಲಬುರಗಿ)

ಧಾರಾಳವಾಗಿ ಹಾಕಿರಿ, ಒಳವ್ಯಾಸವನ್ನು ಮಾತ್ರ ಅಳೆದುಕೊಂಡು ಹೋಗಿರಿ. ಪ್ಲಾಸ್ಟಿಕ್ಕಿನದು ಬೇಡ. ಹಾಗೆಯೇ ಪೆಟ್ರೋಲಿನ ರಬ್ಬರ್ ಪೈಪುಗಳು ಕಾಕಾ ಅವರ ಕಾಲದವೇ ಆಗಿದ್ದರೆ, ಎಥನಾಲ್ ತಾಳುವ ಪೈಪುಗಳನ್ನು ಈ ವಾರವೇ ಹಾಕಿಸಿರಿ.