ಸ್ಲ್ಯಾಬಿಗೂ ಕ್ಯೂರಿಂಗ್, ಕಾಫಿಗೂ ಕ್ಯೂರಿಂಗ್: ಯಾವುದು ಏನು?

ಪ್ರಶ್ನೆ (ನಾಪೋಕ್ಲು): ಸರ್, ಮನೆಗೆ ಮೊನ್ನೆ ಸ್ಲ್ಯಾಬ್ ಹಾಕಿಸಿದೆವು. ಮೇಸ್ತ್ರಿ ‘ಕ್ಯೂರಿಂಗ್ ಬಿಡಬೇಡಿ’ ಎಂದು ಕಟ್ಟೆ ಕಟ್ಟಿ ನೀರು ನಿಲ್ಲಿಸಿ ಹೋಗಿದ್ದಾರೆ. ಇತ್ತ ಪಕ್ಕದ ತೋಟದವರು ‘ರೋಬಸ್ಟಾ ಕಾಫಿಯ ಚೆರಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣು) ಸ್ವಲ್ಪ ಹಸಿ ಇದ್ದರೂ ಕಳಿಸಿ, ಹೇಗೂ ಕ್ಯೂರಿಂಗ್‌ನಲ್ಲಿ ಒಣಗಿಸ್ತಾರೆ’ ಅಂತಾರೆ. ಒಂದು ಕಡೆ ನೀರು ಹಾಕೋದು, ಇನ್ನೊಂದು ಕಡೆ ತೆಗೆಯೋದು. ಎರಡಕ್ಕೂ ಒಂದೇ ಹೆಸರು ಹೇಗೆ?

ಉತ್ತರ (ಕುಶಾಲನಗರ, ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗ್ರೇಡಿಂಗ್ ನೋಡಿಕೊಳ್ಳುವವರು): ಅಕ್ಕ, ಮೊದಲು ಚೆರಿ ಕಣದಲ್ಲೇ ಇರಲಿ, ಕಳಿಸಬೇಡಿ! ಒಣಗಿಸೋದು ಬೆಳೆಗಾರರ ಕೆಲಸ. ನಮ್ಮಲ್ಲಿಗೆ ಬಂದ ಮೇಲೆ ನಡೆಯೋದು ಕಲ್ಲು-ಕಡ್ಡಿ ತೆಗೆಯೋದು, ಸಿಪ್ಪೆ ಬಿಡಿಸೋದು, ಪಾಲಿಶ್, ಜರಡಿಯಲ್ಲಿ ಎಎ, ಎ, ಬಿ, ಪಿಬಿ (ಒಂಟಿ ದುಂಡು ಬೀಜ) ಅಂತ ಗಾತ್ರ ಬೇರೆ ಮಾಡೋದು, ಕೊನೆಗೆ ಕಪ್ಪು ಬೀಜ, ಒಡಕು ಬೀಜ ಆರಿಸೋದು. ಕಾಫಿಯವರ ಬಾಯಲ್ಲಿ ಇಷ್ಟೂ ಸೇರಿ ಕ್ಯೂರಿಂಗ್.

ರೋಬಸ್ಟಾ ಚೆರಿಗೆ ತೇವಾಂಶ ಶೇ. 11ರ ಆಸುಪಾಸು ಇರಬೇಕು. ಒಂದು ಹಿಡಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಬೀಜ ಗಲಗಲ ಅನ್ನಬೇಕು. ಮಂಕಾಗಿ ಕೇಳಿದರೆ ಇನ್ನೂ ಬಿಸಿಲು ಬೇಕು. ಹಸಿ ಚೆರಿಯನ್ನು ಮೂಟೆ ಕಟ್ಟಿಟ್ಟರೆ ಒಳಗೇ ಬಿಸಿಯೇರಿ ಬೂಷ್ಟು ಹಿಡಿಯುತ್ತೆ, ಓಟಿಯೂ ಬೀಳುತ್ತೆ. 50 ಕೆಜಿ ಚೆರಿಗೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋದೇ ಓಟಿ. ರೇಟು ಕಟ್ಟೋದೂ ಅದರ ಮೇಲೇ ಅಲ್ವಾ. ನೀರಿನ ತೂಕಕ್ಕೆ ಯಾರೂ ದುಡ್ಡು ಕೊಡಲ್ಲ.

ಸ್ಲ್ಯಾಬ್ ವಿಷಯ ನನ್ನ ಕಸುಬಲ್ಲ, ಆದರೂ ಮೇಸ್ತ್ರಿ ಹೇಳಿದ್ದು ಸರಿ. ಕಾಂಕ್ರೀಟ್ ಗಟ್ಟಿಯಾಗೋದು ಒಣಗಿ ಅಲ್ಲ, ಸಿಮೆಂಟು ನೀರಿನ ಜೊತೆ ಸೇರಿ ಆಗುವ ರಾಸಾಯನಿಕ ಕ್ರಿಯೆಯಿಂದ. ನೀರು ಬೇಗ ಆರಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸಾಧಾರಣ ಸಿಮೆಂಟಿಗೆ (ಒಪಿಸಿ) ಕನಿಷ್ಠ 7 ದಿನ, ಪಿಪಿಸಿ ಥರದ ಮಿಶ್ರ ಸಿಮೆಂಟಿಗೆ 10 ದಿನ. ಚೀಲದ ಮೇಲೆ ಯಾವುದಂತ ಬರೆದಿರುತ್ತೆ, ನೋಡಿ. ಬೆಳಿಗ್ಗೆ ಮಂಜು ಬಿದ್ದಿದೆ ಅಂತ ನೀರು ಹಾಕೋದು ಬಿಡಬೇಡಿ, ಮಧ್ಯಾಹ್ನದ ಬಿಸಿಲು-ಗಾಳಿಗೆ ಅದು ಯಾವ ಲೆಕ್ಕ.

ಪದದ ಮೂಲ ಲ್ಯಾಟಿನ್‌ನ ‘ಕೂರ’, ಅಂದರೆ ಆರೈಕೆ. ಡಾಕ್ಟರು ‘ಕ್ಯೂರ್’ ಅನ್ನೋದೂ ಅದರಿಂದಲೇ. ಯಾವ ವಸ್ತುವಿಗೆ ಯಾವ ಆರೈಕೆ ಅನ್ನೋದು ಆಯಾ ಕಸುಬಿಗೆ ಬಿಟ್ಟಿದ್ದು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನವರು ಬ್ಯಾರನ್‌ನಲ್ಲಿ (ಸೊಪ್ಪು ಹದ ಮಾಡುವ ಬಿಸಿ ಕೋಣೆ) ಸೊಪ್ಪಿಗೆ ಶಾಖ ಕೊಡೋದನ್ನೂ ಕ್ಯೂರಿಂಗ್ ಅಂತಾರೆ.

ಮತ್ತೊಬ್ಬರು (ಸೋಮವಾರಪೇಟೆ): ಏಲಕ್ಕಿಗೂ ಅದೇ ಪದ ಇದೆಯಲ್ಲ ಸರ್? ಬೇಗ ಮುಗೀಲಿ ಅಂತ ಬೆಂಕಿ ಜೋರು ಮಾಡಬಹುದಾ?

ಉತ್ತರ: ಹೌದು, ಏಲಕ್ಕಿಯಲ್ಲಾದರೆ ಕ್ಯೂರಿಂಗ್ ಅಂದರೆ ಒಣಗಿಸೋದೇ. ಪಕ್ಕದ ತೋಟದವರು ಹಾಗಂದದ್ದು ಬಹುಶಃ ಅದಕ್ಕೇ ಇರಬೇಕು. ಬೆಂಕಿ ಜೋರು ಬೇಡ ಅಣ್ಣ. ಶಾಖ 45ರಿಂದ 50 ಡಿಗ್ರಿಯೊಳಗೆ ಇರಲಿ. ಹೆಚ್ಚಾದರೆ ಹಸಿರು ಹೋಗಿ ಸಿಪ್ಪೆ ಬಿರಿಯುತ್ತೆ, ಘಮವೂ ಹಾರಿಹೋಗುತ್ತೆ. ಕೋಣೆಯ ಹಬೆ ಹೊರಗೆ ಹೋಗೋಕೆ ಕಿಂಡಿ ತೆರೆದಿಡಿ.