ಕದ್ರಿಯಲ್ಲಿ ಮಾರಾಟಕ್ಕಿರುವ 1959ರ ಮರ್ಸಿಡಿಸ್ 190 ಎಸ್‌ಎಲ್: ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ (ಮಂಗಳೂರು)

ಕದ್ರಿಯ ಪರಿಚಯಸ್ಥರ ಮನೆಯಲ್ಲಿ ಬಹುಕಾಲದಿಂದ ಇರುವ, ಬಟ್ಟೆಯ ಹುಡ್ ಮಡಚಬಹುದಾದ ಎರಡು ಸೀಟಿನ ಮರ್ಸಿಡಿಸ್ ಬೆಂಜ್ 190 ಎಸ್‌ಎಲ್ ಕಾರು ಮಾರಾಟಕ್ಕಿದೆ. ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಇತ್ತೀಚೆಗೆ ಹೊಡೆಸಿದ ಬಣ್ಣವೂ ಚೆನ್ನಾಗಿದೆ. ಆರ್‌ಸಿ ಮಾತ್ರ ಮಾಲೀಕರ ದಿವಂಗತ ತಂದೆಯವರ ಹೆಸರಿನಲ್ಲೇ ಉಳಿದಿದೆ. ಮಳೆಗಾಲಕ್ಕೆ ಮೊದಲು ತೀರ್ಮಾನ ತಿಳಿಸಬೇಕಾಗಿರುವುದರಿಂದ, ಬಲ್ಲವರು ಸಲಹೆ ನೀಡಿದರೆ ಉಪಕಾರವಾದೀತು.

ಉತ್ತರ 1 (ಮಲ್ಪೆ)

ಹೊಸ ಬಣ್ಣ ಎಂದಿದ್ದೀರಿ; ನನಗೆ ಅನುಮಾನ ಹುಟ್ಟಿಸುವುದು ಅದೇ, ಅದರ ಅಡಿಯಲ್ಲಿ ತುಕ್ಕು ಅಡಗಿರಬಹುದು. ಮರ್ಸಿಡಿಸ್‌ನದೇ ಇನ್ನೊಂದು ಮಾದರಿಯಾದ 300 ಎಸ್‌ಎಲ್‌ಗೆ ಉಕ್ಕಿನ ಕೊಳವೆಗಳ ಪ್ರತ್ಯೇಕ ಚೌಕಟ್ಟು ಇತ್ತು. 190 ಎಸ್‌ಎಲ್ ಅನ್ನಾದರೋ ಅದೇ ಕಂಪನಿಯ ಪಾಂಟನ್ ಎಂಬ ಸೆಡಾನಿನ ತಳವನ್ನು ಮೊಟಕುಗೊಳಿಸಿ, ಬಾಡಿಯನ್ನೂ ತಳವನ್ನೂ ಒಂದಾಗಿಸಿ ಕಟ್ಟಲಾಯಿತು. ಮೇಲೆ ಗಟ್ಟಿ ಛಾವಣಿಯಿಲ್ಲದ ಕಾರಣ ಬಾಗಿಲಿನ ಕೆಳಗಿನ ಸಿಲ್‌ಗಳೂ ನೆಲದ ತಗಡೂ ಬಹುಪಾಲು ಭಾರವನ್ನು ಹೊರುತ್ತವೆ, ಮತ್ತು ನಮ್ಮ ಕರಾವಳಿಯ ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದೂ ಅವಕ್ಕೇ.

ಒಂದು ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಸಿಲ್, ಹೆಡ್‌ಲೈಟಿನ ಸುತ್ತಮುತ್ತ ಮತ್ತು ಜಾಕ್ ಕೊಡುವ ಜಾಗಗಳಲ್ಲಿ ಇಟ್ಟು ನೋಡಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ. ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳಕ್ಕೆ ಅಂಟದಿದ್ದರೆ ಗಾಬರಿಯಾಗಬೇಡಿ, ಅವು ಮೂಲದಲ್ಲೇ ಅಲ್ಯೂಮಿನಿಯಂ. ಕಾರ್ಪೆಟ್ ಎತ್ತಿಸಿ ನೆಲ ನೋಡಿ. ಜಾಕ್ ಏರಿಸಿದಾಗ ಬಾಗಿಲಿನ ಸಂದು ಕಿರಿದಾಗಿ ಬಾಗಿಲು ಬಿಗಿಯಾದರೆ, ಅಂದರೆ ತಳವೇ ಬಾಗುತ್ತಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ವ್ಯವಹಾರವನ್ನು ಕೈಬಿಡುವುದು ಲೇಸು.

ಉತ್ತರ 2 (ಮಣಿಪಾಲ)

ಎಂಜಿನ್ ಬಗ್ಗೆ ಒಂದು ಮಾತು. 1955ರಿಂದ 1963ರವರೆಗೆ ತಯಾರಾದ ಈ ಮಾದರಿಗೆ 1897 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಮತ್ತು ಎರಡು ಸೋಲೆಕ್ಸ್ ಕಾರ್ಬುರೇಟರ್‌ಗಳಿದ್ದವು. ಹೊಂದಿಸಲು ತ್ರಾಸವೆಂದು ಅನೇಕರು ಅವನ್ನು ತೆಗೆಸಿ ವೆಬರ್ ಕಂಪನಿಯ ಕಾರ್ಬುರೇಟರ್ ಹಾಕಿಸಿದ್ದಾರೆ. ಹಾಗೇನಾದರೂ ಆಗಿದ್ದಲ್ಲಿ ಬಿಚ್ಚಿದ ಸೋಲೆಕ್ಸ್‌ಗಳನ್ನು ಕೇಳಿ ಪಡೆಯಿರಿ, ಅವೇ ಮೂಲ ಭಾಗಗಳು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುವುದರಿಂದ ಅವನ್ನು ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಉತ್ತರ 3 (ಉಡುಪಿ)

ಕಾಗದಪತ್ರ ಸರಿಯಾಗದೆ ಮುಂಗಡ ಕೊಡಬೇಡಿ. ಮಾಲೀಕರು ಮೊದಲು ಫಾರಂ 31ರ ಮೂಲಕ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ನಂತರ ಫಾರಂ 29 ಮತ್ತು 30ರಲ್ಲಿ ನಿಮಗೆ ವರ್ಗಾಯಿಸಲಿ. 50 ವರ್ಷ ದಾಟಿದ ಮೂಲರೂಪದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಅವಕಾಶವಿದೆ. ಆದರೆ ಅದನ್ನು ಪಡೆದರೆ ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಸಂಜೆ ಕಾಪು ಕಡಲತೀರಕ್ಕೆ ಸುತ್ತಾಡಲು ಹೋಗುವುದು ಅದರಲ್ಲಿ ಸೇರುವುದಿಲ್ಲ.

ಪ್ರಶ್ನಿಸಿದವರು

ಧನ್ಯವಾದಗಳು. ಕಾರನ್ನು ಗ್ಯಾರೇಜಿನಲ್ಲಿ ಜಾಕ್ ಏರಿಸಿ ನೋಡಲು ಮಾಲೀಕರು ಒಪ್ಪಿದ್ದಾರೆ. ಕಾರ್ಪೆಟ್ ಎತ್ತುವ ವಿಚಾರಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.

ಉತ್ತರ 1 (ಮಲ್ಪೆ)

ಹಾಗಾದರೆ ಮೊದಲು ಅದನ್ನೇ ಎತ್ತಿಸಿ.