ಸೂಪರ್‌ಹೀಟರ್ ಟ್ಯೂಬ್: ಒಂದು ಪರ್ಸೆಂಟ್ ಮಾಲಿಬ್ಡಿನಂನಿಂದ ಅಷ್ಟೊಂದು ವ್ಯತ್ಯಾಸವಾ?

ಬಾಯ್ಲರ್_ಮುಧೋಳ:
ನಮಸ್ಕಾರ. ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಕೋಜನ್ (ಹಬೆ, ಕರೆಂಟ್ ಎರಡಕ್ಕೂ ಆಗೋ) ಬಾಯ್ಲರ್ ನೋಡಿಕೊಳ್ಳುತ್ತೇನೆ, ಸ್ಟೀಮ್ 510 ಡಿಗ್ರಿ. ಕಬ್ಬು ನುರಿಸೋದು ಮುಗಿದ ಮೇಲೆ ಸೂಪರ್‌ಹೀಟರ್ ಕಾಯಿಲ್, ಅಂದ್ರೆ ಹಬೆಯನ್ನು ಇನ್ನೂ ಕಾಯಿಸುವ ಟ್ಯೂಬ್‌ಗಳನ್ನು ಬದಲಿಸಬೇಕು. ಡ್ರಾಯಿಂಗ್‌ನಲ್ಲಿ ಟಿ22 ಅಂತಿದೆ. ಮಾಲು ಕೊಡುವವನು ದಪ್ಪ ಕಾರ್ಬನ್ ಸ್ಟೀಲ್ ಹಾಕಿ, ಅಗ್ಗ ಆಗುತ್ತೆ ಅಂತಾನೆ. ಟಿ22 ಅಂದ್ರೆ ಕ್ರೋಮ್ ಎರಡೂಕಾಲು, ಮಾಲಿಬ್ಡಿನಂ ಒಂದು ಪರ್ಸೆಂಟ್, ಉಳಿದಿದ್ದು ಬಹುತೇಕ ಕಬ್ಬಿಣವೇ ಅಲ್ವಾ? ಅಷ್ಟಕ್ಕೆ ಏನು ಬದಲಾಗುತ್ತೆ?

ಉದ್ಯಮಬಾಗ್_ಫೌಂಡ್ರಿ:
ಬೇಡ ಸರ್, ಹಾಕಲೇಬೇಡಿ. ಕಾರ್ಬನ್ ಸ್ಟೀಲ್ ಸುಮಾರು 425 ಡಿಗ್ರಿವರೆಗೆ ಸರಿ. ಅದರಾಚೆ ಪ್ರೆಶರ್ ಏರದಿದ್ದರೂ ಲೋಹ ನಿಧಾನಕ್ಕೆ ಹಿಗ್ಗುತ್ತಲೇ ಇರುತ್ತೆ, ಟ್ಯೂಬ್ ಉಬ್ಬಿ ಕೊನೆಗೆ ಸೀಳುತ್ತೆ. ದಪ್ಪ ಮಾಡಿದರೆ ಹೊರಮೈ ಇನ್ನೂ ಜಾಸ್ತಿ ಕಾಯುತ್ತೆ, ಅಷ್ಟೇ. ಲೋಹದ ಹರಳಿನೊಳಗೆ ಡಿಸ್‌ಲೊಕೇಶನ್‌ಗಳು, ಅಂದ್ರೆ ಪರಮಾಣು ಸಾಲಿನ ದೋಷಗಳು, ಜರುಗೋದರಿಂದಲೇ ಈ ಹಿಗ್ಗುವಿಕೆ. ಮಾಲಿಬ್ಡಿನಂ ಪರಮಾಣು ಕಬ್ಬಿಣದ್ದಕ್ಕಿಂತ ದೊಡ್ಡದು, ಅವು ಜರುಗುವ ದಾರಿಗೇ ಅಡ್ಡ ಬರುತ್ತೆ, ಕಾರ್ಬನ್ ಜೊತೆ ಲೋಹ ಸೇರಿ ಆಗುವ ಸಣ್ಣ ಕಾರ್ಬೈಡ್ ಕಣಗಳೂ ಹಾಗೇ. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸೋಕೆ ರಸ್ತೆ ತುಂಬ ಕಲ್ಲು ಸುರಿಯಬೇಕಾ, ಸರಿಯಾದ ಜಾಗದಲ್ಲಿ ನಾಲ್ಕು ಇಟ್ಟರೆ ಸಾಕು. ಕ್ರೋಮ್‌ನ ಕೆಲಸ ಮುಖ್ಯವಾಗಿ ಮೈ ಸುಟ್ಟು ಪದರ ಏಳದಂತೆ ಕಾಯೋದು.

ವಿಜಯಪುರ_ಪವರ್:
ಒಂದು ಪರ್ಸೆಂಟೇ ಕಡಿಮೆ ಅನಿಸಿದರೆ 91 ಗ್ರೇಡ್ ನೋಡಿ. 9 ಪರ್ಸೆಂಟ್ ಕ್ರೋಮ್, 1 ಮಾಲಿಬ್ಡಿನಂ ಇರೋ ಹಳೇ ಸ್ಟೀಲ್‌ಗೆ 1970ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ಲ್ಯಾಬ್‌ನಲ್ಲಿ ವೆನೇಡಿಯಂ 0.2, ನಯೋಬಿಯಂ 0.08, ನೈಟ್ರೋಜನ್ 0.05 ಪರ್ಸೆಂಟ್ ಸೇರಿಸಿ ಸರಿಮಾಡಿದರು. ಈ ಮೂರೂ ಸೇರಿ ಕಟ್ಟುವ ಕಣಗಳು ನ್ಯಾನೋಮೀಟರ್ ಲೆಕ್ಕದವು, ವರ್ಷಗಟ್ಟಲೆ ಕಾದರೂ ಬೇಗ ದಪ್ಪ ಆಗಲ್ಲ. ಕಣ ದಪ್ಪ ಆಯ್ತು ಅಂದ್ರೆ ಅವುಗಳ ನಡುವಿನ ಅಂತರ ಹೆಚ್ಚುತ್ತೆ, ಡಿಸ್‌ಲೊಕೇಶನ್ ನುಸುಳಿಬಿಡುತ್ತೆ. ಇದೇ ಜಾತಿಯ 92 ಗ್ರೇಡ್‌ನಲ್ಲಿ ಬೋರಾನ್ 0.006 ಪರ್ಸೆಂಟ್ ಕೂಡ ಮೀರುವಂತಿಲ್ಲ, ಆದರೂ ಗ್ರೇನ್ ಗಡಿಯ (ಹರಳು ಹರಳು ಸೇರುವ ಕಡೆಯ) ಕಾರ್ಬೈಡ್‌ಗಳನ್ನು ಅದೇ ಸಣ್ಣದಾಗಿ ಇಡುತ್ತೆ. ಆದರೆ ಬೆರೆಸಿದರೆ ಸಾಲದು. 1050 ಡಿಗ್ರಿ ಆಸುಪಾಸಿಗೆ ಕಾಯಿಸಿ ಆರಿಸಿ ಮತ್ತೆ ಟೆಂಪರ್ ಮಾಡೋದು (ಕಡಿಮೆ ಬಿಸಿಗೆ ಇನ್ನೊಮ್ಮೆ ಕಾಯಿಸೋದು) ತಪ್ಪಿತೋ, ಕೆಮಿಸ್ಟ್ರಿ ಪಕ್ಕಾ ಇದ್ದರೂ ಟ್ಯೂಬ್ ಮೆತ್ತಗೆ.

ಬಾಯ್ಲರ್_ಮುಧೋಳ:
ಹಾಗಾದ್ರೆ ಟಿ22ನೇ ತರಿಸ್ತೀನಿ. ಲೋಹದಲ್ಲಿ ಏನೇನಿದೆ ಅಂತ ತೋರಿಸೋ ಪಿಎಂಐ ಗನ್ ಹಿಡಿದು ನೋಡಿದರೆ ಸಾಕಾ?

ಉದ್ಯಮಬಾಗ್_ಫೌಂಡ್ರಿ:
ಕ್ರೋಮ್, ಮಾಲಿಬ್ಡಿನಂ ಎಕ್ಸ್‌ರೇ ಗನ್ ತೋರಿಸುತ್ತೆ, ಕಾರ್ಬನ್ ತೋರಿಸಲ್ಲ. ಮಿಲ್ ಸರ್ಟಿಫಿಕೇಟ್‌ನ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚ್ ನಂಬರ್) ಟ್ಯೂಬ್ ಮೇಲಿನದಕ್ಕೆ ತಾಳೆ ಹಾಕಿ, ಗಟ್ಟಿತನವೂ ಚೆಕ್ ಮಾಡಿಸಿ. ವೆಲ್ಡರ್ ಹತ್ತಿರ ಟಿ22ಗೆ ಹೊಂದುವ 90ಎಸ್-ಬಿ3 ಫಿಲ್ಲರ್ (ಬೆಸುಗೆ ತಂತಿ) ಇದೆಯಾ ಕೇಳಿ, ಕೈಗೆ ಸಿಕ್ಕಿತು ಅಂತ ಸುಮ್ನೆ ಕಾರ್ಬನ್ ಸ್ಟೀಲ್‌ನ 70ಎಸ್ ಹಾಕಿದರೆ ಒಳ್ಳೆ ಟ್ಯೂಬಿನ ನಡುವೆ ಕಾರ್ಬನ್ ಸ್ಟೀಲ್ ಜಾಯಿಂಟ್ ಕೂರುತ್ತೆ.